ಕಿರಿಬಾಟಿ ಅಲ್ಲ, ಕಿರಿಬಾಸ್: ಊರು ಬಿಟ್ಟವರ ಜೊತೆ ಹೋದ ಭಾಷೆ

ಪೆಸಿಫಿಕ್ ಸಾಗರದ ನಡುವೆ 33 ದ್ವೀಪಗಳ ದೇಶವೊಂದಿದೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ನಾವು ಅದನ್ನು ‘ಕಿರಿಬಾಟಿ’ ಅಂತ ಬರೆಯುತ್ತೇವೆ. ಅಲ್ಲಿನವರು ಹೇಳುವುದು ‘ಕಿರಿಬಾಸ್’. ಅವರ ಭಾಷೆಗೆ ಹೊರಗಿನವರು ಇಟ್ಟ ಹೆಸರು ಗಿಲ್ಬರ್ಟೀಸ್. ಈ ಗೋಜಲು ಬಿಡಿಸಲು ಸ್ವಲ್ಪ ಹಿಂದೆ ಹೋಗಬೇಕು.

1788ರಲ್ಲಿ ಥಾಮಸ್ ಗಿಲ್ಬರ್ಟ್ ಎಂಬ ಬ್ರಿಟಿಷ್ ಕಪ್ತಾನನ ಹಡಗು ಈ ದಾರಿಯಲ್ಲಿ ಹಾದುಹೋಯಿತು. ಮುಂದೆ ನಕ್ಷೆಗಳಲ್ಲಿ ‘ತುಂಗಾರು’ ಎಂಬ ಹಳೆಯ ಹೆಸರು ಬರಲೇ ಇಲ್ಲ, ಗಿಲ್ಬರ್ಟ್ ದ್ವೀಪಗಳೆಂದೇ ಅಚ್ಚಾಯಿತು. ಅಲ್ಲಿನ ಮಾತಿನಲ್ಲಿ ಗ ಇಲ್ಲ, ಲ ಇಲ್ಲ. ಗ ಇದ್ದಲ್ಲಿ ಕ, ಲ ಇದ್ದಲ್ಲಿ ರ ಬಂದು ‘ಗಿಲ್ಬರ್ಟ್ಸ್’ ಕಿರಿಬಾಸ್ ಆಯಿತು. 1857ರಲ್ಲಿ ಅಬಯಾಂಗ್ ದ್ವೀಪಕ್ಕೆ ಬಂದ ಅಮೆರಿಕದ ಮಿಷನರಿ ಹೈರಮ್ ಬಿಂಗಮ್ ಈ ಭಾಷೆಯನ್ನು ಬರಹಕ್ಕೆ ಇಳಿಸಿದರು. ಅದರಲ್ಲಿ ‘ಎಸ್’ ಅಕ್ಷರವೇ ಇಲ್ಲ. ‘ಟಿ’, ‘ಐ’ ಜೋಡಿಯೇ ಸಕಾರದ ಕೆಲಸ ಮಾಡುತ್ತದೆ. ಕ್ರಿಸ್‌ಮಸ್ ದ್ವೀಪವನ್ನು ‘ಕಿರಿಟಿಮಾಟಿ’ ಎಂದು ಬರೆದು ಕಿರಿಸ್ಮಾಸ್ ಅನ್ನುವುದು ಇದಕ್ಕೇ. ಕನ್ನಡದಲ್ಲಿ ಸ ಇದೆ ಅಲ್ವಾ? ನಾವಾದರೂ ಅವರು ಹೇಳುವಂತೆಯೇ ಬರೆಯಬಹುದು.

1892ರಲ್ಲಿ ಬ್ರಿಟಿಷ್ ಬಾವುಟ, 1943ರಲ್ಲಿ ಎರಡನೇ ಮಹಾಯುದ್ಧದ ವೇಳೆ ತರಾವಾ ದ್ವೀಪದಲ್ಲಿ ಭೀಕರ ಕಾಳಗ, 1979ರಲ್ಲಿ ಸ್ವಾತಂತ್ರ್ಯ. ಆದರೆ ಈ ಭಾಷೆ ಗಡಿ ದಾಟಿದ್ದು ಹೇಗೆಂದು ತಿಳಿಯಲು ಇದೇ ದೇಶದ ಬನಾಬಾ ದ್ವೀಪದ ಕಥೆ ಗೊತ್ತಿರಬೇಕು.

ಬನಾಬಾ ಇರುವುದೇ ಸುಮಾರು 6 ಚದರ ಕಿ.ಮೀ. 1900ರಲ್ಲಿ ಅಲ್ಲಿ ಫಾಸ್ಫೇಟ್ ಸಿಕ್ಕಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹೊಲಕ್ಕೆ ಗೊಬ್ಬರವಾಗಲು ದ್ವೀಪದ ನೆಲವೇ ಹಡಗು ಹತ್ತಿತು. ಯುದ್ಧದಲ್ಲಿ ಚದುರಿಹೋಗಿದ್ದ ಬನಾಬಾದ ಜನರಿಗೆ, ಅದು ಮುಗಿದ ಮೇಲೂ ಊರಿಗೆ ಮರಳಲು ಆಗಲಿಲ್ಲ. 1945ರ ಡಿಸೆಂಬರ್‌ನಲ್ಲಿ ಸುಮಾರು ಸಾವಿರ ಜನರನ್ನು ಎರಡು ಸಾವಿರ ಕಿ.ಮೀ.ಗೂ ಜಾಸ್ತಿ ದೂರದ ಫಿಜಿಯ ರಾಂಬಿ ದ್ವೀಪದಲ್ಲಿ ಇಳಿಸಲಾಯಿತು. ಇರಲು ಟೆಂಟು, ಎರಡು ತಿಂಗಳ ದಿನಸಿ. ಚಂಡಮಾರುತದ ಕಾಲ ಬೇರೆ. ರಾಂಬಿಯನ್ನು ಕೊಂಡದ್ದೂ ಅವರದೇ ಫಾಸ್ಫೇಟ್ ಹಣದಲ್ಲಿ. ಬಂದವರು ಹೊಸ ಊರುಗಳಿಗೆ ಬನಾಬಾದ ನಾಲ್ಕು ಊರುಗಳ ಹೆಸರನ್ನೇ ಇಟ್ಟರು: ತಬ್ವೇವಾ, ಉಮಾ, ತಬಿಯಾಂಗ್, ಬುವಾಕೊನಿಕಾಯ್. ಅಲ್ಲೂ ಎದುರಾದವರಿಗೆ ಹೇಳುವ ಮಾತು ‘ಮೌರಿ’. ಕ್ಷೇಮವಾಗಿರಿ ಅಂತ.

1938ರಿಂದ ಗಿಲ್ಬರ್ಟ್ ದ್ವೀಪಗಳಿಂದ ಫೀನಿಕ್ಸ್ ದ್ವೀಪಗಳಿಗೆ ಕಳಿಸಿದ್ದ ಇನ್ನೊಂದಷ್ಟು ಜನರನ್ನು ನೀರಿನ ಬರದಿಂದಾಗಿ 1960ರ ದಶಕದಲ್ಲಿ ಸೊಲೊಮನ್ ದ್ವೀಪಗಳಿಗೆ ಒಯ್ದರು. ಅವರ ಜೊತೆ ಭಾಷೆ ಅಲ್ಲಿಗೂ ಹೋಯಿತು.

ಈಗ ಸಮುದ್ರ ಏರುತ್ತಿದೆ. ದೇಶದ ಅರ್ಧದಷ್ಟು ಜನ ಇರುವ ದಕ್ಷಿಣ ತರಾವಾದ ನೆಲ ಸಮುದ್ರಮಟ್ಟಕ್ಕಿಂತ ಎರಡು ಮೂರು ಮೀಟರ್ ಎತ್ತರ ಅಷ್ಟೆ. ಬಾವಿಗಳಿಗೆ ಉಪ್ಪುನೀರು ನುಗ್ಗುತ್ತಿದೆ. 2014ರಲ್ಲಿ ಸರ್ಕಾರ ಫಿಜಿಯಲ್ಲಿ ಸುಮಾರು 20 ಚದರ ಕಿ.ಮೀ. ಜಮೀನು ಕೊಂಡಿತು. ಅದು ಇರುವುದು ವನುವಾ ಲೆವು ದ್ವೀಪದಲ್ಲಿ. ರಾಂಬಿ ಇರುವುದೂ ಈ ದ್ವೀಪದ ಪಕ್ಕದಲ್ಲೇ.