ಸಂರಕ್ಷಕವೇ ಲಸಿಕೆಯ ಶಕ್ತಿಯನ್ನು ತಿಂದರೆ? ಜಾನುವಾರು ಲಸಿಕೆಗಳ ಬಗ್ಗೆ ಒಂದು ಟಿಪ್ಪಣಿ

ಹತ್ತಾರು ದನಗಳಿಗೆ ಒಂದೇ ಬಾಟಲಿ. ರಬ್ಬರ್ ಮುಚ್ಚಳಕ್ಕೆ ಸೂಜಿ ಮತ್ತೆ ಮತ್ತೆ ಚುಚ್ಚುತ್ತಲೇ ಇರುತ್ತದೆ. ಒಂದೊಂದು ಸಲವೂ ಚರ್ಮದ, ಸಗಣಿಯ ಬ್ಯಾಕ್ಟೀರಿಯಾ ಒಳಹೊಕ್ಕಬಹುದು. ಅವು ಅಲ್ಲಿ ಬೆಳೆಯಬಾರದೆಂದೇ ಸಂರಕ್ಷಕ ಸೇರಿಸುವುದು. 1928ರಲ್ಲಿ ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ ಸಂರಕ್ಷಕವಿಲ್ಲದ ಡಿಫ್ತೀರಿಯಾ ಲಸಿಕೆಯ ಬಾಟಲಿಯೊಳಗೆ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದು 12 ಮಕ್ಕಳು ತೀರಿಹೋದರು. ಹಾಗಾಗಿ ಸಂರಕ್ಷಕವೇ ಬೇಡ ಎನ್ನುವ ಮಾತಿಲ್ಲ. ಯಾವ ಲಸಿಕೆಗೆ ಯಾವುದು ಎಂಬುದಷ್ಟೇ ಪ್ರಶ್ನೆ.

ಕಾಲುಬಾಯಿ ಜ್ವರದ ಲಸಿಕೆಯನ್ನೇ ನೋಡೋಣ, ವಿಷಯ ತಿಳಿಯಾಗುವುದು ಇಲ್ಲೇ. ಇದರಲ್ಲಿ ಥಯೋಮರ್ಸಲ್ ಎಂಬ ಸಂರಕ್ಷಕ ಬಳಸುವ ರೂಢಿಯಿದೆ. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ. ಲಸಿಕೆಗಳಲ್ಲಿ ಸಾಮಾನ್ಯ ಪ್ರಮಾಣ 0.01%. ಈ ವೈರಸ್ಸಿನ ಹೊರಕವಚವನ್ನು ಹನ್ನೆರಡು ಐದುಮೂಲೆ ತುಂಡು ಜೋಡಿಸಿ ಹೊಲಿದ ಚೆಂಡಿನಂತೆ ಊಹಿಸಿಕೊಳ್ಳಿ. ಇಡೀ ಚೆಂಡಿಗೆ 146ಎಸ್ ಎನ್ನುತ್ತಾರೆ, ಬಿಡಿ ತುಂಡಿಗೆ 12ಎಸ್. (ಎಸ್ ಎಂದರೆ ಸ್ವೆಡ್‌ಬರ್ಗ್, ಕಣ ತಳಕ್ಕಿಳಿಯುವ ವೇಗದ ಅಳತೆ. ತುಂಡುಗಳೂ ಹನ್ನೆರಡೇ ಆಗಿರುವುದು ಕಾಕತಾಳೀಯ, ಎರಡನ್ನೂ ಬೆರೆಸಿಕೊಳ್ಳಬೇಡಿ.) ದನಕ್ಕೆ ಒಳ್ಳೆಯ ರಕ್ಷಣೆ ಸಿಗುವುದು ಇಡೀ ಚೆಂಡಿನಿಂದ. ಥಯೋಮರ್ಸಲ್ ಸೇರಿದಾಗ ಹೊಲಿಗೆ ಬಿಚ್ಚಿ 146ಎಸ್ ಕಣಗಳು 12ಎಸ್ ಆಗಿ ಒಡೆಯಬಲ್ಲವು. ಬೆಚ್ಚಗಿದ್ದರೆ ಈ ಒಡೆತ ಇನ್ನೂ ಬೇಗ. ಈ ವೈರಸ್ಸಿನ ಮಾದರಿಗಳಲ್ಲಿ ಮೊದಲೇ ನಾಜೂಕಾದ 'ಓ' ಮಾದರಿಗೆ ಅಪಾಯ ಹೆಚ್ಚು.

ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ಇದು: ಕಣ ಒಡೆದರೂ ಬಾಟಲಿಯೊಳಗಿನ ಒಟ್ಟು ಪ್ರೋಟೀನು ಅಷ್ಟೇ ಇರುತ್ತದೆ. ಪ್ರೋಟೀನು ಮಾತ್ರ ಅಳೆದವರಿಗೆ ಲಸಿಕೆ ಚೆನ್ನಾಗಿದೆ ಎಂದೇ ಕಾಣುತ್ತದೆ. ಅದಕ್ಕೇ 146ಎಸ್ ಪ್ರಮಾಣವನ್ನು ಬೇರೆಯಾಗಿ ಅಳೆಯಬೇಕು, ಅದೂ ಸಂರಕ್ಷಕ ಸೇರಿಸಿದ ಮೇಲೆ.

ಮನುಷ್ಯರ ನಿಷ್ಕ್ರಿಯ ಪೋಲಿಯೊ ಲಸಿಕೆಯನ್ನೂ ಥಯೋಮರ್ಸಲ್ ದುರ್ಬಲಗೊಳಿಸುತ್ತದೆ. ಅಲ್ಲಿ 2-ಫಿನಾಕ್ಸಿಎಥನಾಲ್ ಎಂಬ ಬೇರೆ ಸಂರಕ್ಷಕ ಬಳಸುತ್ತಾರೆ. ಫೀನಾಲ್ ಎಂಬ ಇನ್ನೊಂದು ಸಂರಕ್ಷಕ ಕೆಲವು ಬ್ಯಾಕ್ಟೀರಿಯಾ ಲಸಿಕೆಗಳಿಗೆ ಒಗ್ಗುತ್ತದೆ, ಡಿಫ್ತೀರಿಯಾ ಟಾಕ್ಸಾಯ್ಡ್‌ನಂಥವನ್ನು (ರೋಗಾಣುವಿನ ವಿಷವನ್ನು ನಿರಪಾಯಗೊಳಿಸಿ ಮಾಡಿದ ಲಸಿಕೆ) ಕೆಡಿಸುತ್ತದೆ.

ಜೀವಂತ ಲಸಿಕೆಗಳ ಕಥೆಯೇ ಬೇರೆ. ಕಂದು ರೋಗದ (ಬ್ರುಸೆಲ್ಲೋಸಿಸ್) ಎಸ್19 ಲಸಿಕೆಯಲ್ಲಿ (ಇಲ್ಲಿ ಎಸ್ ಎಂದರೆ ಸ್ಟ್ರೇನ್, ತಳಿ) ಇರುವುದೇ ಜೀವಂತ ಬ್ಯಾಕ್ಟೀರಿಯಾ. ಅದನ್ನು ಕೊಲ್ಲುವಂಥದ್ದು ಯಾವುದೂ ಸೋಕಬಾರದು. ಅದಕ್ಕಾಗಿಯೇ ಒಣಪುಡಿಯಾಗಿ ಇಡುತ್ತಾರೆ, ಜೊತೆಗೆ ಕೊಟ್ಟ ದ್ರಾವಕದಲ್ಲೇ ಕಲಸುತ್ತಾರೆ, ಕಲಸಿದ್ದನ್ನು ಕೆಲವೇ ಗಂಟೆಯೊಳಗೆ ಮುಗಿಸುತ್ತಾರೆ. ಸಿರಿಂಜನ್ನು ಸ್ಪಿರಿಟ್‌ನಲ್ಲಿ ತೊಳೆದು ಹಾಗೇ ಲಸಿಕೆ ಎಳೆದುಕೊಂಡರೆ, ಒಳಗೆ ಅಂಟಿದ ಹನಿಯೇ ಲಸಿಕೆಯನ್ನು ಕೊಲ್ಲಬಹುದು. ಕುದಿಸಿ ಆರಿಸಿದ ಸಿರಿಂಜ್ ಸಾಕು.