ಚೆಸ್ ಕಲಿತರೆ ಲೆಕ್ಕ ಬರುತ್ತಾ?

ಪ್ರಶ್ನೆ: ಮಗಳಿಗೆ ಆರು ತುಂಬಿತು. ಚೆಸ್ ಕಲಿಸಿದರೆ ಬುದ್ಧಿ ಚುರುಕಾಗುತ್ತೆ, ಗಣಿತ ಚೆನ್ನಾಗಿ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಮಗಿಬ್ಬರಿಗೂ ಆಟ ಅಷ್ಟಾಗಿ ಗೊತ್ತಿಲ್ಲ. ಕ್ಲಾಸಿಗೆ ಸೇರಿಸಬೇಕಾ?

ಉತ್ತರ: ಗಣಿತದ ಮಾರ್ಕ್ಸಿಗೆ ಅಂತಾದರೆ ಬೇಡ.

ಇಂಗ್ಲೆಂಡಿನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 100 ಶಾಲೆ, ಒಂಬತ್ತು-ಹತ್ತು ವರ್ಷದ ಸುಮಾರು 4,000 ಮಕ್ಕಳು. ಅರ್ಧದಷ್ಟು ಶಾಲೆಗಳಲ್ಲಿ ವರ್ಷಕ್ಕೆ 30 ಗಂಟೆ ಚೆಸ್ ಪಾಠ, ಉಳಿದ ಕಡೆ ಎಂದಿನ ಪಾಠ. ಒಂದು ವರ್ಷ ಬಿಟ್ಟು ಗಣಿತ ಪರೀಕ್ಷೆ ಕೊಟ್ಟರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. 2016ರಲ್ಲಿ ಈ ಫಲಿತಾಂಶ ಬಂತು. ಕ್ಲಾಸಿನ ಕರಪತ್ರಗಳಲ್ಲಿ ಇದು ಇರಲ್ಲ ಬಿಡಿ.

ಯಾಕೆ ಹೀಗೆ ಅಂತ ಕೇಳಿದರೆ 1973ರ ಒಂದು ಪ್ರಯೋಗ ನೆನಪಾಗುತ್ತದೆ. ಅಮೆರಿಕದಲ್ಲಿ ಚೇಸ್ ಮತ್ತು ಸೈಮನ್ ಎಂಬಿಬ್ಬರು ಮಾಡಿದ್ದು. ನಿಜವಾದ ಆಟವೊಂದರ ಮಧ್ಯದ ಬೋರ್ಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು, ನೆನಪಿನಿಂದ ಹಾಗೇ ಜೋಡಿಸಿ ಅಂದರು. ಪಳಗಿದ ಆಟಗಾರ ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಯಲ್ಲೇ ಇಟ್ಟ. ಹೊಸಬನಿಗೆ ನಾಲ್ಕಾರು ಕಾಯಿಗಿಂತ ಜಾಸ್ತಿ ಆಗಲಿಲ್ಲ. ಆಮೇಲೆ ಅದೇ ಕಾಯಿಗಳನ್ನು ಹೇಗೆಂದರೆ ಹಾಗೆ ಚೆಲ್ಲಾಪಿಲ್ಲಿ ಇಟ್ಟರು. ಈಗ ಪಳಗಿದವನೂ ಹೊಸಬನೂ ಹೆಚ್ಚುಕಡಿಮೆ ಒಂದೇ. ಅಂದರೆ ಅವನ ನೆನಪಿನ ಶಕ್ತಿ ಬೆಳೆದಿರಲಿಲ್ಲ. ಚೆಸ್ಸಿನ ಗುರುತುಗಳು ತಲೆ ತುಂಬಿದ್ದವು, ಅಷ್ಟೆ. ಮಗ್ಗಿಗೆ ಅವು ಉಪಯೋಗಕ್ಕೆ ಬರಲ್ಲ.

ಹಾಗಾದರೆ ಸುಮ್ನೆ ಯಾಕೆ ಕಲಿಸಬೇಕು ಅಂತೀರಾ? ನಾನು ಕಣ್ಣಾರೆ ಕಂಡ ಒಂದೇ ಒಂದು ಲಾಭ ಹೇಳುತ್ತೇನೆ. ನಮ್ಮ ಪಕ್ಕದ ಮನೆ ಹುಡುಗಿ, ಎರಡನೇ ಕ್ಲಾಸು. ತಿನ್ನಲು ಕಾಯಿ ಕಂಡರೆ ಸಾಕು, ಕೈ ಹೋಗಿಬಿಡುತ್ತಿತ್ತು. ಒಂದು ಕಾಲಾಳಿನ ಆಸೆಗೆ ಮಂತ್ರಿಯನ್ನೇ ಕಳೆದುಕೊಳ್ಳುತ್ತಿದ್ದಳು. ನಾನು ತಪ್ಪು ಅನ್ನಲಿಲ್ಲ. 'ನೀನು ಅಲ್ಲಿಗೆ ಹೋದರೆ ನಾನು ಏನು ಮಾಡ್ತೀನಿ ಹೇಳು' ಅಂತ ಪ್ರತಿ ಸಲ ಕೇಳಿದೆ. ಕೆಲವು ವಾರ ಕಳೆದ ಮೇಲೆ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಬೋರ್ಡು ನೋಡುವ ಅಭ್ಯಾಸ ಅವಳೇ ಮಾಡಿಕೊಂಡಳು. ಒಂದು ದಿನ ನನಗೇ ಹೇಳಿದಳು: 'ಮಾಮ, ನೀವು ನೋಡ್ದೇ ಆಡಿದ್ರಿ.' ನಿಜ, ನನ್ನ ಆನೆ ಹೋಯಿತು.

ಆ ಒಂದು ಗಳಿಗೆ ತಡೆಯುವ ಅಭ್ಯಾಸ ಹೋಂವರ್ಕಿಗೂ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಬೋರ್ಡಿನ ಮುಂದೆ ಬಂದರೂ ಒಳ್ಳೆಯದೇ, ಅಲ್ವಾ?

ಇದಕ್ಕೆ ಆರು ವರ್ಷಕ್ಕೆ ಕ್ಲಾಸು ಬೇಕಿಲ್ಲ. ನೀವೂ ಜೊತೆಗೆ ಕಲಿಯಿರಿ. ಮೊದಲು ಬರೀ ಕಾಲಾಳುಗಳ ಆಟ. ಎಂಟಕ್ಕೆ ಎಂಟು. ನೇರ ನಡೆಯುತ್ತವೆ, ಓರೆಗೆ ತಿನ್ನುತ್ತವೆ. ಯಾರದು ಮೊದಲು ಆಚೆ ತುದಿ ಮುಟ್ಟುತ್ತೋ ಅವರು ಗೆದ್ದರು. ಐದು ನಿಮಿಷದ ಆಟ, ಆದರೆ ಮಗು ಮುಂದಿನ ನಡೆ ಯೋಚಿಸಲು ಶುರು ಮಾಡುವುದು ಇಲ್ಲೇ. ಆಮೇಲೆ ರಾಜ, ಆನೆ, ಒಂಟೆ, ಮಂತ್ರಿ. ಬೋರ್ಡು ಇಡುವಾಗ ಇಬ್ಬರ ಬಲಗೈ ಮೂಲೆಗೂ ಬಿಳಿ ಮನೆ ಬರಬೇಕು. ಎಷ್ಟೋ ಮನೆಗಳಲ್ಲಿ ಇದೇ ತಪ್ಪಿರುತ್ತದೆ.

ಕುದುರೆಯನ್ನು ಕೊನೆಗೆ ಇಟ್ಟುಕೊಳ್ಳಿ. ಎರಡು ಹೆಜ್ಜೆ ನೆಟ್ಟಗೆ, ಒಂದು ಹೆಜ್ಜೆ ಪಕ್ಕಕ್ಕೆ. ಖಾಲಿ ಬೋರ್ಡಿನಲ್ಲಿ ಒಂದೇ ಕುದುರೆ ಕೊಟ್ಟು ಬಿಡಿ, ಟಕ್ ಟಕ್ ಅಂತ ಎಣಿಸಿಕೊಂಡು ಓಡಿಸಲಿ. ಬಿಳಿ ಮನೆಯಿಂದ ಹೊರಟರೆ ಯಾವಾಗಲೂ ಕಪ್ಪಿಗೇ ಇಳಿಯುತ್ತದೆ. ಮೂಲೆಯಲ್ಲಿ ನಿಂತರೆ ಹೋಗಲು ಎರಡೇ ಮನೆ, ನಡುವೆ ನಿಂತರೆ ಎಂಟು. ಇದನ್ನೆಲ್ಲ ದಯವಿಟ್ಟು ನೀವು ಹೇಳಬೇಡಿ, ಅವಳೇ ಕಂಡುಹಿಡಿಯಲಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಈ ಕುದುರೆಯ ಹುಚ್ಚಿತ್ತು. ಒಂದು ಮನೆಗೂ ಎರಡನೇ ಸಲ ಕಾಲಿಡದೆ 64 ಮನೆಯನ್ನೂ ಸುತ್ತಿಸುವ ದಾರಿ ಕಟ್ಟಿದವರು ಅವರು.

ಸೋತರೆ ಅಳುತ್ತಾಳೆ. ಹಾಗಂತ ಬೇಕಂತಲೇ ಸೋಲಬೇಡಿ, ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ನಿಮಗೆ ಆಟ ಕೈ ಹತ್ತಿದ ಮೇಲೆ ನಿಮ್ಮ ಮಂತ್ರಿಯನ್ನು ತೆಗೆದಿಟ್ಟು ಆಡಿ. ಅವಳು ಗೆದ್ದರೆ ಅದು ನಿಜವಾದ ಗೆಲುವು.

ತಡವಾಯಿತು ಅನ್ನುವ ಗಾಬರಿಯೂ ಬೇಡ. ವಿಶ್ವನಾಥನ್ ಆನಂದ್ ಆರನೇ ವಯಸ್ಸಿಗೆ ಅಮ್ಮನ ಹತ್ತಿರ ಕಲಿತವರು. 2024ರಲ್ಲಿ 18ಕ್ಕೇ ವಿಶ್ವ ಚಾಂಪಿಯನ್ ಆದ ಗುಕೇಶ್ ಕಲಿತದ್ದು ಏಳಕ್ಕೆ. ಮನೆಯ ಆಟ ಸಾಲದೆ ಅವಳೇ ಹಟ ಹಿಡಿದರೆ ಆಗ ಕ್ಲಾಸು ನೋಡಿ. ಚೆಸ್ ಹಿಡಿಸಲಿಲ್ಲವೇ? ಹುಲಿ-ಕುರಿ ಆಟ ತೆಗೆಯಿರಿ. ಕುರಿಗಳೆಲ್ಲ ಸೇರಿ ಹುಲಿಯನ್ನು ಕಟ್ಟಿಹಾಕಲು ಬೇಕಾದ ಯೋಚನೆ ಇದಕ್ಕಿಂತ ಕಡಿಮೆಯದಲ್ಲ.

ಸೆಟ್ಟು ಮಾತ್ರ ಗಾಜಿನದು, ಪುಟ್ಟ ಮ್ಯಾಗ್ನೆಟ್‌ನದು ಬೇಡ. ಕೈತುಂಬ ಹಿಡಿಯಲು ಬರುವ ಪ್ಲಾಸ್ಟಿಕ್ಕಿನದೇ ಸಾಕು. ಕಾಯಿ ಕಳೆದರೆ ಹೊಸ ಸೆಟ್ಟು ತರಲು ಓಡಬೇಡಿ. ನಮ್ಮ ಮನೆಯಲ್ಲಿ ಕಪ್ಪು ಕಾಲಾಳುಗಳಲ್ಲಿ ಮೂರು ಈಗ ಹುಣಸೆ ಬೀಜ.