ಮಾರುವ ಮೊದಲು ಒಮ್ಮೆ ಫೋರ್ಕ್ ಬಿಚ್ಚಿಸಿ

ಎರಡು ತಿಂಗಳ ಹಿಂದೆ ಒಬ್ಬರು ತಮ್ಮ ಫುಲ್ ಸಸ್ಪೆನ್ಷನ್ ಸೈಕಲ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಏಟು ತಡೆಯುವ ಭಾಗ ಇರುವ ಸೈಕಲ್, ನನ್ನ ಅಂಗಡಿಗೆ ತಂದು ಗೋಡೆಗೆ ಒರಗಿಸಿದರು. "ಸರ್, ಇದನ್ನ ಕೊಟ್ಬಿಡೋಣ ಅಂತಿದ್ದೀನಿ. ಒಂಬತ್ತು ವರ್ಷ ಆಯ್ತು. ಹೊಸದರ ಮುಂದೆ ಇದು ಕಲ್ಲು. ಮಾರೋಕೆ ಮುಂಚೆ ಸ್ವಲ್ಪ ತೊಳೆದು, ಗೇರ್ ಸರಿ ಮಾಡಿಕೊಡಿ" ಅಂದರು. ಹಿಂದಿನ ಭಾನುವಾರ ಗೆಳೆಯನ ಹೊಸ ಸೈಕಲನ್ನು ಅರ್ಧ ಗಂಟೆ ಓಡಿಸಿದ್ದರಂತೆ. ಅವತ್ತಿನಿಂದ ತಮ್ಮದರ ಮೇಲೆ ಮನಸ್ಸೇ ಇಲ್ಲ.

"ಫೋರ್ಕ್ ಕೊನೇ ಸಲ ಯಾವಾಗ ಬಿಚ್ಚಿಸಿದ್ರಿ?" ಅಂತ ಕೇಳಿದೆ. ಫೋರ್ಕ್ ಅಂದರೆ ಮುಂದಿನ ಚಕ್ರ ಹಿಡಿದಿರುವ, ಕುಸಿದು ಏಳುವ ಎರಡು ಕಾಲು.

"ಬಿಚ್ಚಿಸೋದಾ? ಆಯಿಲ್ ಲೀಕ್ ಆಗ್ತಿಲ್ವಲ್ಲ ಸರ್."

ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಹಳೆಯ ಸೈಕಲ್ ಇಟ್ಟುಕೊಳ್ಳಬೇಕಾ, ಹೊಸದು ತಗೋಬೇಕಾ ಎಂದು ಕೇಳುತ್ತಾ ಬರುವವರಲ್ಲಿ ಬಹಳಷ್ಟು ಜನ ನಿಜವಾಗಿ ಹೋಲಿಸುತ್ತಿರುವುದು ಹಳೆಯದನ್ನು ಹೊಸದರ ಜೊತೆ ಅಲ್ಲ. ವರ್ಷಗಟ್ಟಲೆ ಬಿಚ್ಚದ ಸಸ್ಪೆನ್ಷನನ್ನು ಮೊನ್ನೆ ತಾನೇ ಹೊಸ ಆಯಿಲ್ ಹಾಕಿಸಿಕೊಂಡು ಬಂದ ಸಸ್ಪೆನ್ಷನ್ ಜೊತೆ ಹೋಲಿಸುತ್ತಾರೆ. ಅಲ್ಲಿ ಹೊಸದು ಗೆಲ್ಲಲೇಬೇಕು. ಅದರಿಂದ ನಿಮ್ಮ ಸೈಕಲ್ ಬಗ್ಗೆ ನಿಮಗೆ ಏನೂ ಗೊತ್ತಾಗುವುದಿಲ್ಲ.

ಅವರ ಫೋರ್ಕನ್ನು ಅವರ ಎದುರಿಗೇ ಬಿಚ್ಚಿದೆ. ಕೆಳಗಿನ ಎರಡು ಬೋಲ್ಟ್ ಸಡಿಲ ಮಾಡಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕೆಳಭಾಗವನ್ನು ಎಳೆದೆ. ಸಾಮಾನ್ಯವಾಗಿ ಆಗ ತಟ್ಟೆಗೆ ಆಯಿಲ್ ಸುರಿಯಬೇಕು. ಫೋರ್ಕಿನ ಎಡಗಾಲಿನಿಂದ ಒಂದು ಹನಿಯೂ ಬೀಳಲಿಲ್ಲ. ಬಲಗಾಲಿನಿಂದ ಒಂದು ಚಮಚದಷ್ಟು ಬೂದು ಬಣ್ಣದ ರಾಡಿ ಬಂತು. ಸೀಲಿನ ಕೆಳಗೆ ಒಂದು ಸ್ಪಂಜಿನ ಉಂಗುರ ಇರುತ್ತದೆ, ಆಯಿಲ್ ಕುಡಿದು ಮೆತ್ತಗಿರಬೇಕಾದ್ದು. ಅದನ್ನು ಚಿಮುಟದಲ್ಲಿ ಎತ್ತಿ ಅವರ ಅಂಗೈ ಮೇಲಿಟ್ಟೆ. ಒಣಗಿ ಗರಿಗರಿಯಾಗಿತ್ತು. ಅವರು ಅದನ್ನು ಬೆರಳಲ್ಲಿ ಒತ್ತಿ ನೋಡಿದರು. ಪುಡಿ ಉದುರಿತು.

ಫೋರ್ಕ್ ಲೀಕ್ ಆಗುತ್ತಿಲ್ಲ ಎಂದರೆ ಚೆನ್ನಾಗಿದೆ ಎಂದಲ್ಲ. ಒಳಗೆ ಏನೂ ಉಳಿದಿರದಿದ್ದರೂ ಲೀಕ್ ಆಗುವುದಿಲ್ಲ. ಕೆಳಭಾಗದಲ್ಲಿ ಇರುವುದೇ ಕೆಲವು ಮಿಲಿಲೀಟರ್ ಆಯಿಲ್. ಕುಸಿದು ಏಳುವ ವೇಗವನ್ನು ಹಿಡಿಯುವ ಡ್ಯಾಂಪರಿನ ಆಯಿಲ್ ಬೇರೆ, ಇದು ಬೇರೆ. ಬುಷ್ ಮತ್ತು ಸೀಲುಗಳು ಜಾರಲಿ ಎಂದು ಮಾತ್ರ ಇದು ಇರುವುದು. ಹಲವು ಫೋರ್ಕ್‌ಗಳಿಗೆ 50 ಗಂಟೆ ಓಡಿಸಿದ ಮೇಲೆ ಇದನ್ನು ಬದಲಿಸಬೇಕು ಎಂಬ ಲೆಕ್ಕವಿದೆ. ಹಿಂದಿನ ಚಕ್ರದ ಏಟು ತಡೆಯುವ ಶಾಕ್‌ನ ಗಾಳಿ ಭಾಗದ ಸೀಲುಗಳಿಗೂ ಹೆಚ್ಚುಕಡಿಮೆ ಅಷ್ಟೇ. ಡ್ಯಾಂಪರ್ ಪೂರ್ತಿ ಬಿಚ್ಚುವ ಸರ್ವಿಸ್ 100 ರಿಂದ 200 ಗಂಟೆಗೊಮ್ಮೆ ಬರುತ್ತದೆ. ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇರುವುದರಿಂದ ನಿಮ್ಮ ಮ್ಯಾನುಯಲ್ ಹೇಳಿದ್ದನ್ನೇ ನಂಬಿ. ವಾರಕ್ಕೆ ಮೂರು ಗಂಟೆ ಓಡಿಸುವವರಿಗೆ 50 ಗಂಟೆ ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಇವರು ಒಂಬತ್ತು ವರ್ಷ ಓಡಿಸಿದ್ದರು.

ಹಿಂದಿನ ಶಾಕ್ ಸೋತಿದ್ದರೆ ಕಿವಿಗೇ ಗೊತ್ತಾಗುತ್ತದೆ. ಸೀಟಿನ ಮೇಲೆ ಭಾರ ಹಾಕಿ ಒತ್ತಿ ಬಿಡಿ. ಒಳಗೆ ಗುಳುಗುಳು ಸದ್ದು ಬಂದರೆ, ಮೇಲೆ ಬರುವಾಗ ಮೊದಲು ಸರ್ರನೆ ಬಂದು ಆಮೇಲೆ ತಡೆದರೆ, ಆಯಿಲ್ ಜೊತೆ ಗಾಳಿ ಬೆರೆತಿರುವ ಸಾಧ್ಯತೆ ಜಾಸ್ತಿ. ಅಂಥ ಶಾಕ್ ಮೇಲೆ ಕೂತು "ಈ ಸೈಕಲ್ ಡಿಸೈನೇ ಸರಿ ಇಲ್ಲ" ಎಂದರೆ ನನಗೆ ಬೇಜಾರಾಗುತ್ತದೆ. ಡಿಸೈನ್ ಹೇಗಿದೆ ಎಂದು ನೀವು ಇನ್ನೂ ನೋಡಿಯೇ ಇಲ್ಲ.

ಇನ್ನು ಸ್ಯಾಗ್. ನೀವು ಸೈಕಲ್ ಮೇಲೆ ಸುಮ್ನೆ ನಿಂತಾಗ ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಅನ್ನುವುದೇ ಸ್ಯಾಗ್. ಎಲ್ಲರೂ ಈ ಪದ ಕೇಳಿರುತ್ತಾರೆ. ಸರಿಯಾಗಿ ಅಳೆದವರು ಮಾತ್ರ ಕಡಿಮೆ.

ಕಾಡು, ಗುಡ್ಡದ ಕಚ್ಚಾ ದಾರಿಗೆ ಮಾಡಿದ ಟ್ರೇಲ್ ಸೈಕಲ್‌ನ ಹಿಂದಿನ ಶಾಕ್‌ಗೆ ಸುಮಾರು ಶೇಕಡಾ 25 ರಿಂದ 30, ಮುಂದಿನ ಫೋರ್ಕ್‌ಗೆ 15 ರಿಂದ 20. ಯಾವುದರಲ್ಲಿ ಶೇಕಡಾ? ಇಲ್ಲೇ ಎಡವುವುದು. ಹಿಂದೆ ಅಳೆಯಬೇಕಾದ್ದು ಶಾಕ್ ಎಷ್ಟು ಕುಗ್ಗಬಲ್ಲದು ಎಂಬ ಸ್ಟ್ರೋಕ್‌ನಲ್ಲಿ, ಚಕ್ರ ಎಷ್ಟು ಚಲಿಸಬಲ್ಲದು ಎಂಬ ಟ್ರಾವೆಲ್‌ನಲ್ಲಿ ಅಲ್ಲ. ಶಾಕ್‌ನ ಸ್ಟ್ರೋಕ್ 50 ಮಿ.ಮೀ. ಇದ್ದರೆ 15 ಮಿ.ಮೀ. ಕುಸಿದಾಗ ಶೇಕಡಾ 30 ಆಯಿತು. ಚಕ್ರ 140 ಮಿ.ಮೀ. ಚಲಿಸುತ್ತದೆ ಎಂದು ಅದರ ಶೇಕಡಾ 30 ಲೆಕ್ಕ ಹಾಕಿ, 42 ಮಿ.ಮೀ.ಗೆ ಶಾಕ್ ಮೇಲೆ ಗುರುತು ಹುಡುಕಿದವರೂ ಇದ್ದಾರೆ.

ಅಳೆಯುವಾಗ ಹೆಲ್ಮೆಟ್, ಶೂ, ಬೆನ್ನಿನ ಚೀಲ, ನೀರು ಎಲ್ಲಾ ಇರಲಿ. ಶಾಕ್ ಬಿಗಿ ಮಾಡುವ ಲಿವರ್ ತೆರೆದಿರಲಿ. ಒಬ್ಬರು ಹ್ಯಾಂಡಲ್ ಹಿಡಿದುಕೊಳ್ಳಲಿ. ಪೆಡಲ್ ಮೇಲೆ ನಿಂತು, ಮೊಣಕಾಲು ಮೊಣಕೈ ಸ್ವಲ್ಪ ಮಡಚಿ, ನಾಲ್ಕೈದು ಸಲ ಕುಪ್ಪಳಿಸಿ ಸ್ಥಿರವಾಗಿ. ಹಿಡಿದವರು ಆಗ ಶಾಕ್ ಮೇಲಿನ ರಬ್ಬರ್ ಓ-ರಿಂಗನ್ನು ಸೀಲಿನ ತನಕ ತಳ್ಳಲಿ. ಆಮೇಲೆ ಮೆತ್ತಗೆ ಇಳಿಯಿರಿ. ಓ-ರಿಂಗ್‌ಗೂ ಸೀಲಿಗೂ ನಡುವಿನ ದೂರವೇ ಸ್ಯಾಗ್. ಧಡಕ್ಕನೆ ಇಳಿದರೆ ಓ-ರಿಂಗ್ ಇನ್ನೂ ದೂರ ಹೋಗಿ ಸುಳ್ಳು ಲೆಕ್ಕ ತೋರಿಸುತ್ತದೆ.

ಸ್ಯಾಗ್ ಸರಿ ಮಾಡುವುದು ಶಾಕ್‌ನ ಗಾಳಿಯ ಒತ್ತಡ ಬದಲಿಸಿ. "ಫ್ರೆಂಡ್ 180 ಪಿಎಸ್‌ಐ ಹಾಕ್ತಾನೆ, ನಂದೂ ಅಷ್ಟೇ ತೂಕ" ಎಂದು ಹೇಳುವವರಿಗೆ ಒಂದು ಲೆಕ್ಕ. ಹಿಂದಿನ ಚಕ್ರ 150 ಮಿ.ಮೀ. ಚಲಿಸುವ ಎರಡು ಸೈಕಲ್ ಇವೆ ಅಂದುಕೊಳ್ಳಿ. ಒಂದರ ಶಾಕ್ ಸ್ಟ್ರೋಕ್ 65, ಇನ್ನೊಂದರದು 55. ಶಾಕ್ ಒಂದು ಮಿ.ಮೀ. ಕುಗ್ಗಿದರೆ ಚಕ್ರ ಎಷ್ಟು ಮಿ.ಮೀ. ಚಲಿಸುತ್ತದೆ ಅನ್ನುವುದೇ ಲಿವರೇಜ್. ಮೊದಲನೆಯದರಲ್ಲಿ ಅದು ಸರಾಸರಿ 2.3, ಎರಡನೆಯದರಲ್ಲಿ 2.7. ಅದೇ ತೂಕ, ಅದೇ ಟ್ರಾವೆಲ್, ಆದರೂ ಎರಡನೆಯ ಶಾಕ್ ಮೇಲೆ ಬೀಳುವ ಭಾರ ಜಾಸ್ತಿ. ಗೆಳೆಯನ ಅಂಕಿ ನಿಮಗೆ ಹೊಂದಿದರೆ ಅದು ಬರೀ ಅದೃಷ್ಟ.

ಪಂಪ್ ವಿಷಯವನ್ನೂ ಹೇಳಿಬಿಡುತ್ತೇನೆ. ಶಾಕ್ ಪಂಪ್ ಸಿಕ್ಕಿಸಿದ ತಕ್ಷಣ ಮುಳ್ಳು ನೀವು ಹಾಕಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಸ್ವಲ್ಪ ಗಾಳಿ ಪೈಪಿನೊಳಕ್ಕೆ ಹೋಗಿರುತ್ತದೆ, ಅಷ್ಟೇ. ತೆಗೆಯುವಾಗ ಬರುವ ಸುಸ್ ಸದ್ದು ಪೈಪಿನ ಗಾಳಿಯದು, ಶಾಕ್‌ನದಲ್ಲ. ಇದನ್ನು ನೋಡಿ "ಶಾಕ್ ಸೋರ್ತಿದೆ, ಹೊಸದು ಬೇಕು" ಎಂದು ಬಂದವರನ್ನು ಹೊಸದು ಮಾರದೆ ವಾಪಸ್ ಕಳಿಸಿದ್ದೇನೆ. ತುಂಬುವಾಗ ನಡುನಡುವೆ ನಿಲ್ಲಿಸಿ ಹತ್ತು ಸಲ ಶಾಕ್ ಒತ್ತಿ. ಎದುರು ಕಡೆಯಿಂದ ತಳ್ಳುವ ಒಳಗಿನ ನೆಗೆಟಿವ್ ಕೋಣೆಗೂ ಗಾಳಿ ಸಮನಾಗಿ ಹೋಗಬೇಕು.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಜಾಸ್ತಿ ಗಾಳಿ. ಸಸ್ಪೆನ್ಷನ್ ಪೂರ್ತಿ ಕುಸಿದು ಎಲ್ಲಿ ತಳ ಮುಟ್ಟಿಬಿಡುತ್ತೋ ಎಂಬ ಭಯ. ಒಂದು ರೈಡಿನಲ್ಲಿ ಒಂದೋ ಎರಡೋ ಸಲ, ದೊಡ್ಡ ಏಟಿಗೆ, ಮೆತ್ತಗೆ ತಳ ಮುಟ್ಟಿದರೆ ಏನೂ ಆಗುವುದಿಲ್ಲ. ಅಷ್ಟು ಟ್ರಾವೆಲ್ ಕೊಟ್ಟಿರುವುದೇ ಬಳಸಲಿ ಎಂದು. ಢಣ್ ಎಂದು ಮತ್ತೆ ಮತ್ತೆ ಬಡಿದರೆ ಗಾಳಿ ಕೋಣೆಯ ಜಾಗ ಕಡಿಮೆ ಮಾಡುವ ವಾಲ್ಯೂಮ್ ಸ್ಪೇಸರ್ ಹಾಕಿಸಿ, ಸುಮ್ನೆ ಗಾಳಿ ತುಂಬುತ್ತಾ ಹೋಗಬೇಡಿ.

ನಮ್ಮ ಗಿರಾಕಿಯ ಸ್ಯಾಗ್ ಶೇಕಡಾ 16 ಇತ್ತು. ಫ್ರೇಮಿನ ಮೇಲಿನ ಕೊಳವೆಯ (ಟಾಪ್ ಟ್ಯೂಬ್) ಕೆಳಗೆ, ಪಾರದರ್ಶಕ ಟೇಪಿನ ಅಡಿ ಒಂದು ಪುಟ್ಟ ಚೀಟಿ ಅಂಟಿಸಿದ್ದರು. ಕೊಂಡ ದಿನ ಬರೆದ ಪಿಎಸ್‌ಐ ಅಂಕಿ. ತಿಂಗಳಿಗೊಮ್ಮೆ ತಪ್ಪದೆ ಆ ಅಂಕಿಗೇ ತುಂಬಿಸುತ್ತಿದ್ದರು. ಈ ಒಂಬತ್ತು ವರ್ಷಗಳಲ್ಲಿ ಅವರು ಹದಿಮೂರು ಕಿಲೋ ಇಳಿಸಿದ್ದರು. ಗಾಳಿ ಮಾತ್ರ ಹಳೆಯ ಮನುಷ್ಯನದ್ದೇ ಇತ್ತು. ಇಷ್ಟು ಶ್ರದ್ಧೆ ಇರುವವರಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಹಾಗಾದರೆ ಹೊಸ ಸೈಕಲ್ ಬೇಕೇ ಬೇಡವಾ? ಬೇಕಾಗುತ್ತದೆ, ಕೆಲವರಿಗೆ. ಸರ್ವಿಸ್‌ನಿಂದ ಬದಲಾಗದ ವಿಷಯಗಳಿವೆ.

ಮೊದಲನೆಯದು ಫ್ರೇಮಿನ ಅಳತೆ ಮತ್ತು ಕೋನ. 2010 ರ ಸುಮಾರಿನ ಟ್ರೇಲ್ ಸೈಕಲ್‌ಗಳಲ್ಲಿ ಹೆಡ್ ಆಂಗಲ್, ಅಂದರೆ ಫೋರ್ಕ್ ಎಷ್ಟು ಓರೆಯಾಗಿ ನಿಂತಿದೆ ಎಂಬ ಕೋನ, 68–69 ಡಿಗ್ರಿ ಇರುತ್ತಿತ್ತು. ಈಗ 64–66 ಸಾಮಾನ್ಯ. ಫೋರ್ಕ್ ಹೆಚ್ಚು ಓರೆಯಾದಷ್ಟೂ ಮುಂದಿನ ಚಕ್ರ ನಿಮ್ಮಿಂದ ದೂರ ಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮುಗ್ಗರಿಸುವ ಭಯ ಕಡಿಮೆ. ಸೀಟ್ ಕೂರುವ ಕೊಳವೆ (ಸೀಟ್ ಟ್ಯೂಬ್) ನೇರವಾಗುತ್ತಾ ಬಂದಿದೆ, ಆದ್ದರಿಂದ ಏರು ಹತ್ತುವಾಗ ಮುಂದಿನ ಚಕ್ರ ಎದ್ದೇಳುವುದು ಕಡಿಮೆ. ಇವೆರಡೂ ನಿಜವಾದ ಸುಧಾರಣೆ. ಫೋರ್ಕಿನ ಕೋನ ಬದಲಿಸುವ ಆಂಗಲ್ ಹೆಡ್‌ಸೆಟ್ ಹಾಕಿ ಒಂದೆರಡು ಡಿಗ್ರಿ ಗಳಿಸಬಹುದು, ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಗಿಡ್ಡ ಮಾಡಿ ಹ್ಯಾಂಡಲ್ ಅಗಲ ಮಾಡಬಹುದು. ಆದರೆ ಸೈಜೇ ಚಿಕ್ಕದಾದ ಫ್ರೇಮನ್ನು ಯಾರೂ ಉದ್ದ ಮಾಡಲಾರರು.

ಎರಡನೆಯದು ಬಿಡಿಭಾಗ ಸಿಗುತ್ತದೆಯೇ ಎಂಬುದು. 26 ಇಂಚಿನ ಚಕ್ರಕ್ಕೆ ಒಳ್ಳೆಯ ಟೈರ್ ಆಯ್ಕೆ ತುಂಬಾ ಕಡಿಮೆಯಾಗಿದೆ. 2016 ರಲ್ಲಿ ಮೆಟ್ರಿಕ್ ಅಳತೆಯ ಶಾಕ್‌ಗಳು ಬಂದ ಮೇಲೆ ಹಳೆಯ ಅಳತೆಯವು ಹಿಂದೆ ಸರಿದಿವೆ. ಹಿಂದಿನ ಚಕ್ರದ ಆಕ್ಸಲ್‌ನ ಅಗಲ 142 ರಿಂದ 148 ಮಿ.ಮೀ. ಆಗಿದೆ. ಮಾರುವ ಮಾತಿಗೆ ಮುಂಚೆ ನಿಮ್ಮ ಶಾಕ್‌ನ ಸೀಲ್ ಕಿಟ್ ಇನ್ನೂ ಸಿಗುತ್ತದಾ ಎಂದು ವಿಚಾರಿಸಿ. ಸಿಕ್ಕರೆ ಅರ್ಧ ಚಿಂತೆ ಕಳೆಯಿತು.

ಮೂರನೆಯದರಲ್ಲಿ ಚೌಕಾಸಿ ಇಲ್ಲ. ಬಿರುಕು. ಒಬ್ಬ ಹುಡುಗಿ ಶಾಲೆಗೆ ಹೋಗುವಾಗ ಕೊಂಡ ಸೈಕಲನ್ನು ಆರು ವರ್ಷ ಓಡಿಸಿದ್ದಳು. ಅಷ್ಟರಲ್ಲಿ ಉದ್ದ ಬೆಳೆದಿದ್ದಳು. ಸೀಟ್ ಪೋಸ್ಟನ್ನು, ಫ್ರೇಮಿನೊಳಗೆ ಇರಲೇಬೇಕಾದ ಕನಿಷ್ಠ ಗುರುತಿಗಿಂತ ಮೇಲಕ್ಕೆ ಎಳೆದಿದ್ದಳು. ಸೀಟಿನ ಕೆಳಗೆ, ಟಾಪ್ ಟ್ಯೂಬ್ ಕೂಡುವ ಜಾಗದಲ್ಲಿ ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಬಟ್ಟೆಯಿಂದ ಒರೆಸಿ ಉಗುರು ಎಳೆದೆ. ಉಗುರು ಸಿಕ್ಕಿಕೊಂಡಿತು. "ವೆಲ್ಡ್ ಮಾಡಿಸಿದ್ರೆ ಅಂಕಲ್?" ಅಂದಳು. ಅಲ್ಯೂಮಿನಿಯಂ ಫ್ರೇಮಿಗೆ ಬಲ ಬರುವುದು ಕಾಯಿಸಿ ಹದ ಮಾಡಿದ್ದರಿಂದ. ವೆಲ್ಡ್ ಮಾಡಿದ ಜಾಗದಲ್ಲಿ ಆ ಹದ ಹೋಗುತ್ತದೆ. ಮತ್ತೆ ಹದ ಮಾಡದೆ ಟ್ರೇಲ್‌ಗೆ ಕಳಿಸಲು ನಾನು ಒಪ್ಪುವುದಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು, ಪೆಡಲ್ ಮತ್ತು ಸೀಟು ಬಿಚ್ಚಿಸಿಕೊಂಡು ಹೋದಳು. ಕಾರ್ಬನ್ ಫ್ರೇಮ್ ಆದರೆ ಬರಿಗಣ್ಣಿನಲ್ಲಿ ನೋಡಿ, ತಟ್ಟಿ ಸದ್ದು ಕೇಳಿ ಸರಿ ಇದೆ ಎಂದು ನಾನು ಮಾತು ಕೊಡುವುದಿಲ್ಲ. ಪರೀಕ್ಷೆ ಮಾಡುವವರ ಹತ್ತಿರ ಕಳಿಸುತ್ತೇನೆ.

ಬಿರುಕಿಲ್ಲ, ಸೈಜ್ ಸರಿ ಇದೆ, ಸೀಲ್ ಸಿಗುತ್ತದೆ ಎಂದಾದರೆ ಹಳೆಯ ಸೈಕಲ್‌ಗೆ ಓಡಿಸುತ್ತಲೇ ಸೀಟ್ ಇಳಿಸಬಹುದಾದ ಡ್ರಾಪರ್ ಪೋಸ್ಟ್, ಒಳ್ಳೆಯ ಟೈರ್, ಪೆಡಲ್ ಹತ್ತಿರ ಒಂದೇ ಹಲ್ಲುಚಕ್ರ (ಚೈನ್‌ರಿಂಗ್) ಹಾಕಿಕೊಡಲು ನನಗೆ ಖುಷಿ. ಹಿಂದಿನ ಚಕ್ರದ ಹಳೆಯ ಹಬ್‌ಗೇ ಕೂರುವ, ದೊಡ್ಡದರಲ್ಲಿ 51 ಹಲ್ಲಿರುವ 11 ಸ್ಪೀಡ್ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಸಿಗುತ್ತದೆ. ಚೈನ್, ಬ್ರೇಕ್ ಪ್ಯಾಡ್, ಬೇರಿಂಗ್ ಇವನ್ನು ಅಪ್‌ಗ್ರೇಡ್ ಖರ್ಚಿಗೆ ಸೇರಿಸಬೇಡಿ. ಹೊಸ ಸೈಕಲ್ ತಗೊಂಡರೂ ಅವು ಸವೆಯುವಂಥವೇ. ಆದರೆ ಹಳೆಯ ಫ್ರೇಮಿಗೆ ದುಬಾರಿ ಫೋರ್ಕ್ ಹಾಕಿಸುತ್ತೇನೆ ಎಂದರೆ ತಡೆಯುತ್ತೇನೆ. ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಫೋರ್ಕ್ 10 ಮಿ.ಮೀ. ಉದ್ದವಾದರೆ ಹೆಡ್ ಆಂಗಲ್ ಸುಮಾರು ಅರ್ಧ ಡಿಗ್ರಿ ಓರೆಯಾಗುತ್ತದೆ, ಜೊತೆಗೆ ಪೆಡಲ್ ಭಾಗವೂ ಎತ್ತರವಾಗುತ್ತದೆ. ಫ್ರೇಮ್ ಎಷ್ಟು ಉದ್ದದ ಫೋರ್ಕ್ ತಡೆಯುತ್ತದೆ ಎಂದು ಕಂಪನಿ ಮಿತಿ ಹೇಳಿದ್ದರೆ ಅದನ್ನು ದಾಟಬಾರದು.

ಹೋಲಿಸಿ ನೋಡುವಾಗಲೂ ಒಂದು ಕ್ರಮ ಇರಲಿ. ಮೊದಲು ಸರ್ವಿಸ್, ಆಮೇಲೆ ಸ್ಯಾಗ್. ಎರಡು ಮೂರು ರೈಡ್ ಅದರಲ್ಲೇ ಮಾಡಿ. ನಂತರ ಎರಡೂ ಸೈಕಲನ್ನು ಒಂದೇ ದಿನ, ಒಂದೇ ದಾರಿಯಲ್ಲಿ, ನಿಮ್ಮದೇ ಪೆಡಲ್ ಹಾಕಿಕೊಂಡು ಓಡಿಸಿ. ಟೈರ್ ಗಾಳಿಯನ್ನೂ ನೀವೇ ನೋಡಿಕೊಳ್ಳಿ. ಟೈರ್ ಮೆತ್ತಗಿರುವುದನ್ನೇ ಸಸ್ಪೆನ್ಷನ್ ಚೆನ್ನಾಗಿದೆ ಎಂದುಕೊಂಡವರು ಎಷ್ಟೋ ಜನ.

ನಮ್ಮ ಗಿರಾಕಿ ಹಾಗೇ ಮಾಡಿದರು. ಮೂರು ವಾರದ ಮೇಲೆ ಫೋನ್ ಬಂತು. "ಸರ್, ಕಡಿದಾದ ಇಳಿಜಾರಲ್ಲಿ ಅವನದೇ ಮೇಲು, ಒಪ್ಕೊಳ್ತೀನಿ. ಆದ್ರೆ ನಾನು ಅಂಥಾ ಕಡೆ ಹೋಗೋದು ವರ್ಷಕ್ಕೆ ಎರಡು ಸಲ. ಮಿಕ್ಕ ಕಡೆ ನಂದೇ ಹಾಯಾಗಿದೆ. ಇನ್ನೊಂದು ವರ್ಷ ಇರಲಿ ಅನ್ಸುತ್ತೆ." ಸರಿ ಅಂದೆ. ಅವರ ಸೈಕಲ್‌ನ ಹಿಂದಿನ ಕೀಲಿನ (ಪಿವಟ್) ಎರಡು ಬೇರಿಂಗ್ ಒರಟಾಗಿರುವುದನ್ನು ಅವತ್ತೇ ಬರೆದಿಟ್ಟಿದ್ದೆ. ಸೀಟ್ ಹಿಡಿದು ಎತ್ತಿದರೆ ಚಕ್ರ ಏಳುವ ಮುಂಚೆ ಟಕ್ ಅನ್ನುತ್ತದೆ. ಮುಂದಿನ ತಿಂಗಳು ಅದಕ್ಕೆ ತನ್ನಿ ಅಂತ ಹೇಳಿದ್ದೇನೆ. ಅಲ್ಲಿಯ ತನಕ ಪ್ರೆಷರ್ ಪೈಪ್ ಹಿಡಿದು ಆ ಜಾಗ ತೊಳೆಯಬೇಡಿ ಅಂತಲೂ ಹೇಳಿದೆ.